ಎಂಟುನೂರರ ಹೊಟ್ಟೆಗೆ ಹದಿಮೂರು ನೂರು

ಶೆಡ್ಡಿನ ಬಾಗಿಲು ತೆರೆದೇ ಇತ್ತು, ಒಳಗೆ ಕಾರಿರಲಿಲ್ಲ. ಗೋಪಿನಾಥ ಸೈಕಲ್ಲನ್ನು ಗೋಡೆಗೆ ಒರಗಿಸಿ, ಕಾರಿನ ಚಕ್ರಗಳಿಗೆ ಅಡ್ಡ ಕೊಟ್ಟಿದ್ದ ಇಟ್ಟಿಗೆಗಳನ್ನು ನೋಡುತ್ತ ನಿಂತ. ಯಾರು ತೆಗೆದುಕೊಂಡು ಹೋದರು ಎಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿರಲಿಲ್ಲ. ಇನ್ನೊಂದು ಕೀಲಿ ಇದ್ದದ್ದು ಅಣ್ಣ ಬದರಿಯ ಬಳಿ.

ಅಪ್ಪನ ಕಾಲದ ಮಾರುತಿ ಎಂಟುನೂರು ಅದು. ಕಾಶಿಯ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿದ್ದ ಮನೆಯ ತನಕ ಕಾರು ಬರುವುದಿಲ್ಲವಾದ್ದರಿಂದ ಸೋನಾರ್‌ಪುರಾದ ಈ ಶೆಡ್ಡಿನಲ್ಲಿ ಇರುತ್ತಿತ್ತು. ಬದರಿ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪುರೋಹಿತ. ಕಾಶಿಯ ಕರ್ಮ ಮುಗಿದ ಮೇಲೆ ಅವರನ್ನು ಅದೇ ಕಾರಿನಲ್ಲಿ ತುಂಬಿಕೊಂಡು ಗಯೆಗೆ ಹೋಗುತ್ತಿದ್ದ. ಗಂಗೆಯ ಸೇತುವೆ ಏರುವಾಗ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಿತ್ತು, ಹಿಂದಿನ ಟ್ರಕ್ಕಿನವರು ಬೈಯುತ್ತಿದ್ದರು. ಪಕ್ಕದ ಗಲ್ಲಿಯ ಪುರೋಹಿತ ರಾಘವೇಂದ್ರಾಚಾರ್ಯರು ದೊಡ್ಡ ಬಿಳಿ ಕಾರು ಕೊಂಡ ಮೇಲೆ, ಅಜ್ಜನ ಕಾಲದಿಂದ ಇವರಲ್ಲೇ ಕರ್ಮ ಮಾಡಿಸುತ್ತಿದ್ದ ಎರಡು ಯಜಮಾನ ಮನೆತನಗಳು ಬದರಿಯ ಕೈಬಿಟ್ಟು ಅತ್ತ ಹೋದವು.

ಆಗ ಬದರಿಗೆ ತಮ್ಮನ ನೆನಪಾಯಿತು. ಸಂಜೆ ತರಗತಿಯಲ್ಲಿ ಮೆಕ್ಯಾನಿಕ್ ಕೆಲಸ ಕಲಿತು ಊರಿನ ಲಂಕಾ ಬಡಾವಣೆಯ ಗ್ಯಾರೇಜೊಂದರಲ್ಲಿ ದುಡಿಯುತ್ತಿದ್ದ ಗೋಪಿನಾಥನನ್ನು ಅವನು ಅಲ್ಲಿಯವರೆಗೆ ಲೆಕ್ಕಕ್ಕೆ ತೆಗೆದುಕೊಂಡವನಲ್ಲ. "ಗುಜರಿಯಲ್ಲಿ ಎಸ್ಟೀಮ್ ಕಾರಿನ ಎಂಜಿನ್ ಬಿದ್ದಿದೆ ಅಂದ್ಯಲ್ಲ, ಅದನ್ನ ಇದಕ್ಕೆ ಕೂಡಿಸು" ಎಂದ. ಆಗುವುದಿಲ್ಲ ಎನ್ನಬೇಕಿತ್ತು. ಅಣ್ಣ ಮೊದಲ ಸಲ ಏನನ್ನೋ ಕೇಳಿದ್ದಾನೆಂಬ ಒಂದೇ ಕಾರಣಕ್ಕೆ ಗೋಪಿನಾಥ ಒಪ್ಪಿಕೊಂಡ. ಎಂಜಿನ್ ಕೂರುವ ಕಬ್ಬಿಣದ ಕಾಲುಗಳನ್ನು ಕತ್ತರಿಸಿ ಮತ್ತೆ ಬೆಸೆದ, ರೇಡಿಯೇಟರ್ ಬದಲಿಸಿದ, ಆ್ಯಕ್ಸಲ್ಲುಗಳನ್ನು ಹೊಂದಿಸಿದ. ಎಂಟುನೂರರ ಹೊಟ್ಟೆಯೊಳಗೆ ಹದಿಮೂರು ನೂರರ ಎಂಜಿನ್ ಮೊದಲ ಸಲ ಉಸಿರಾಡಿದ ದಿನ ಅವನು ಊಟವನ್ನೂ ಮರೆತಿದ್ದ.

ಬ್ರೇಕ್ ಮಾತ್ರ ಹಳೆಯದೇ. ಓಡಿಸಿ ನೋಡಲು ಗೋಪಿನಾಥ ಒಯ್ದಿದ್ದಾಗ, ಗಂಗೆಯಾಚೆಯ ರಾಮನಗರದ ಸೇತುವೆ ಇಳಿಯುವಲ್ಲಿ ಪೆಡಲ್ಲು ಕಾಲಡಿಯಲ್ಲಿ ಮೆತ್ತಗಾಗಿ ನೆಲ ಮುಟ್ಟಿತು. ಮುಂದಿದ್ದ ಟ್ರಕ್ಕಿಗೆ ಒಂದು ಮೊಳ ಇರುವಾಗ ಕಾರು ನಿಂತಿತು, ಸುಟ್ಟ ವಾಸನೆ ಒಳಗೆಲ್ಲ ತುಂಬಿಕೊಂಡಿತು. ಬ್ರೇಕಿನ ಪೈಪಿನಲ್ಲಿ ಗಾಳಿ ಉಳಿದಿರಬಹುದೆಂದು ಮತ್ತೆ ಮತ್ತೆ ತೆಗೆದು ನೋಡಿದ. ತಪ್ಪು ತನ್ನ ಕೈಯದೋ, ಬ್ರೇಕಿನದೋ ಎಂದು ಖಚಿತವಾಗಲಿಲ್ಲ. ಎಸ್ಟೀಮಿನ ದೊಡ್ಡ ಡಿಸ್ಕು ಹಾಕಿದರೆ ಸರಿಹೋಗುತ್ತದೆ. ಅದು ಈ ಪುಟ್ಟ ಚಕ್ರದೊಳಗೆ ಹಿಡಿಸುವುದಿಲ್ಲ, ದೊಡ್ಡ ಚಕ್ರಗಳು ಕಾನ್ಪುರದಿಂದ ಬರಬೇಕು. ಅಲ್ಲಿಯವರೆಗೆ ಕಾರು ಮುಟ್ಟಬೇಡ ಎಂದು ಅಣ್ಣನಿಗೆ ಹೇಳಿದ್ದ.

ಮನೆಯಲ್ಲಿ ಬದರಿ ದೇವರ ಮಂದಾಸನದ ಮುಂದೆ ಕೂತು ದರ್ಭೆ ಕಟ್ಟುತ್ತಿದ್ದ. ಅತ್ತಿಗೆ ಮಾಧವಿ ಹೊಸ್ತಿಲಲ್ಲೇ ಗೋಪಿನಾಥನನ್ನು ತಡೆದಳು.

"ಅಲ್ಲೇ ನಿಲ್ಲು. ಗ್ರೀಸ್ ಕೈಯಲ್ಲಿ ಒಳಗೆ ಬರಬೇಡ."

"ಕಾರೆಲ್ಲಿ ಅಣ್ಣ?"

"ನನ್ನ ಕಾರು ನನ್ನ ಹತ್ರ ಇದೆ. ಯಾಕೆ, ಪೊಲೀಸ್ ಥಾನಾಕ್ಕೆ ಹೋಗಿ ಕಳ್ಳತನದ ರಪಟ್ ಬರೆಸ್ತೀಯಾ?"

"ಬ್ರೇಕ್ ಕೆಲಸ ಆಗಿಲ್ಲ ಅಂತ ಹೇಳಿದ್ದೆನಲ್ಲ."

"ಅಪ್ಪ ಅದೇ ಬ್ರೇಕಿನಲ್ಲಿ ಜೀವಮಾನ ಪೂರ್ತಿ ಗಯೆಗೆ ಹೋಗಿ ಬಂದರು. ಆಗ ಹಿಡೀತಿತ್ತು. ನೀನು ಕೈ ಹಾಕಿದ ಮೇಲೆ ಹಿಡಿಯಲ್ಲ ಅಂದ್ರೆ ಕೆಡಿಸಿದ್ದು ಯಾರು?"

ಆ ಮಾತು ನಾಟಬೇಕಾದಲ್ಲೇ ನಾಟಿತು. ಗೋಪಿನಾಥ ತಡವರಿಸಿದ. "ಆಗ ಗಾಡಿ ಅಷ್ಟು ಓಡ್ತಾ ಇರಲಿಲ್ಲ. ಈಗ ಜೋರಾಗಿ ಎಳೆಯುತ್ತೆ. ನಿಲ್ಲಿಸೋಕೂ ಅಷ್ಟೇ ಬೇಕು."

"ನೋಡೇ, ಸಂಜೆ ಕ್ಲಾಸಿನ ಪಾಠ ಶುರುವಾಯ್ತು" ಎಂದು ಬದರಿ ಹೆಂಡತಿಯ ಕಡೆ ತಿರುಗಿದ.

"ನಾಡಿದ್ದು ಗಯೆಯಲ್ಲಿ ರಾಯಚೂರಿನವರು ತಿಥಿ ಮಾಡಿಸಬೇಕು" ಎಂದಳು ಮಾಧವಿ. "ನಿನ್ನ ಚಕ್ರ ಕಾನ್ಪುರದಿಂದ ಬರೋವರೆಗೂ ಅವರ ಪಿತೃಗಳು ಫಲ್ಗು ನದಿ ದಡದಲ್ಲಿ ಹಸಿದು ಕೂತಿರಬೇಕಾ?"

"ರೈಲಿದೆ. ಬಾಡಿಗೆ ಗಾಡಿ ಇದೆ."

"ಬಾಡಿಗೆ ಗಾಡಿಯಲ್ಲಿ ಕರ್ಕೊಂಡು ಹೋದರೆ ಮುಂದಿನ ಸಲ ರಾಘವೇಂದ್ರಾಚಾರ್ಯರ ಬಾಗಿಲಲ್ಲಿ ಇಳೀತಾರೆ. ಅದೇ ತಾನೇ ನಿನಗೆ ಬೇಕಾಗಿರೋದು?" ಬದರಿ ಎದ್ದು ನಿಂತ.

"ದಾರಿಯಲ್ಲಿ ಸತ್ತರೆ ಯಾರ ಬಾಗಿಲಲ್ಲೂ ಇಳಿಯಲ್ಲ."

"ತೊಲಗು. ಯಾತ್ರೆಗೆ ಹೊರಟವರ ಮನೇಲಿ ನಿಂತು ಶವದ ಮಾತಾಡ್ತಾನೆ. ಕಾರು ನಾಳೆ ಬೆಳಕು ಹರಿಯೋ ಹೊತ್ತಿಗೆ ಹೊರಡುತ್ತೆ. ಅಡ್ಡ ಬಂದರೆ ನಿನ್ನ ಮೇಲೇ ಹತ್ತಿಸ್ತೀನಿ."

ಕೇದಾರ ಘಾಟಿನ ಪುರೋಹಿತರಲ್ಲಿ ಎಂಥ ಹಗೆಯಿದ್ದರೂ ಒಂದು ಕಟ್ಟುಪಾಡನ್ನು ಮೀರುತ್ತಿರಲಿಲ್ಲ. ಒಬ್ಬರ ಯಜಮಾನರು ಇಳಿದುಕೊಂಡ ಕೋಣೆಗೆ ಇನ್ನೊಬ್ಬರು ಕಾಲಿಡಬಾರದು. ಗೋಪಿನಾಥ ಆ ಸಂಜೆಯೇ, ಹರಿಶ್ಚಂದ್ರ ಘಾಟಿನ ಬಳಿ ರಾಯಚೂರಿನವರು ಇಳಿದಿದ್ದ ವಸತಿಗೃಹದ ಮೆಟ್ಟಿಲು ಹತ್ತಿದ. ಅಣ್ಣನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆಂಬುದು ಅವನಿಗೆ ಗೊತ್ತಿತ್ತು.

ರಾಯಚೂರಿನ ಸರಸ್ವತಮ್ಮ ಮಂಚದ ಮೇಲೆ ಕೂತು ಗಂಡನ ಶ್ರಾದ್ಧಕ್ಕೆಂದು ತಂದ ಪಂಚೆಗಳನ್ನು ಗಂಟು ಕಟ್ಟುತ್ತಿದ್ದರು. ಮಗ ಗುರುಪ್ರಕಾಶ ಬಾಗಿಲಿಗೆ ಬಂದ.

"ನಾಳೆ ಬದರಿ ಆಚಾರ್ಯರ ಕಾರಿನಲ್ಲಿ ಹೋಗಬೇಡಿ" ಎಂದ ಗೋಪಿನಾಥ. "ಬ್ರೇಕ್ ನಂಬೋ ಹಾಗಿಲ್ಲ. ಆ ಎಂಜಿನ್ ಕೂಡಿಸಿದವನು ನಾನೇ. ಅವರ ತಮ್ಮ."

ಗುರುಪ್ರಕಾಶ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮೊನ್ನೆ ಸ್ಟೇಷನ್ನಿನಾಗ ಒಬ್ಬಾಂವ ಬಂದು, ನಿಮ್ಮ ಬದರಿ ಆಚಾರ್ರು ತೀರಿಕೊಂಡ್ರು, ನನ್ನ ಹಿಂದ ಬರ್ರಿ ಅಂದ. ಇವತ್ತು ಆಚಾರ್ರು ಬದುಕ್ಯಾರ, ಕಾರು ಸತ್ತೈತಿ. ನಾಳೆ ಗಂಗಾ ಬತ್ತ್ಯಾಳ ಅಂತ ಹೇಳಾಕ ಯಾರು ಬರ್ತೀರಿ?"

"ನಾನು ದಲ್ಲಾಳಿ ಅಲ್ಲ. ನಿಜವಾಗಲೂ ತಮ್ಮ."

"ತಮ್ಮ ಆಗಿದ್ರ ಇನ್ನೂ ಹೊಲಸು" ಎಂದರು ಸರಸ್ವತಮ್ಮ ಗಂಟಿನಿಂದ ತಲೆಯೆತ್ತದೆ. "ಅಣ್ಣನ ಯಜಮಾನರ ಮುಂದ ಬಂದು ಚಾಡಿ ಹೇಳಾಂವ ತಮ್ಮೇನಪಾ?"

ಗುರುಪ್ರಕಾಶ ಆಗಲೇ ಬದರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಿದ್ದ. ಅಣ್ಣನ ದನಿ ಶಾಂತವಾಗಿತ್ತು. "ಹೌದು, ತಮ್ಮನೇ. ರಾಘವೇಂದ್ರಾಚಾರ್ಯರು ಕಳಿಸಿರಬೇಕು. ನೀವು ಬಾಗಿಲು ಹಾಕ್ಕೊಂಡು ಮಲಗಿ."

ಬಾಗಿಲು ಮುಚ್ಚಿಕೊಂಡಿತು.

ಬೆಳಗ್ಗೆ ಸೋನಾರ್‌ಪುರಾದ ರಸ್ತೆ ಬದಿಯಲ್ಲಿ ಕಾರು ನಿಂತಿತ್ತು. ಸರಸ್ವತಮ್ಮ ಮುಂದಿನ ಸೀಟಿನಲ್ಲಿ, ಗುರುಪ್ರಕಾಶ ಹಿಂದೆ, ಪಾತ್ರೆಗಳ ಚೀಲಗಳ ನಡುವೆ. ಬದರಿ ಬಾನೆಟ್ಟಿಗೆ ಕುಂಕುಮ ಇಟ್ಟು, ಪಕ್ಕಕ್ಕೆ ಹೋಗಿ ತೆಂಗಿನಕಾಯಿ ಒಡೆಯಲು ಬಾಗಿದ. ಎದುರಿನ ಚಹಾ ಅಂಗಡಿಯ ಮರೆಯಲ್ಲಿದ್ದ ಗೋಪಿನಾಥ ಓಡಿ ಬಂದು, ಜೇಬಿನಿಂದ ಬೋಲ್ಟು ಬಿಚ್ಚುವ ಪಾನಾ ತೆಗೆದು, ರಸ್ತೆಯ ಮೇಲೆ ಅಂಗಾತ ಮಲಗಿ, ಮುಂದಿನ ಚಕ್ರದ ಪಕ್ಕದಿಂದ ಕಾರಿನ ಅಡಿಗೆ ತೋಳು ಚಾಚಿದ. ಎಣ್ಣೆ ಇಳಿಸುವ ಬೋಲ್ಟು ಎಲ್ಲಿದೆಯೆಂದು ಅವನ ಬೆರಳಿಗೆ ಗೊತ್ತಿತ್ತು. ಒಂದೇ ಎಳೆತಕ್ಕೆ ಅದು ಸಡಿಲವಾಯಿತು, ಬೆರಳಲ್ಲೇ ತಿರುಗಿಸಿ ಕಿತ್ತ. ಹೊಸದಾಗಿ ಹಾಕಿದ್ದ ಎಂಜಿನ್ ಎಣ್ಣೆ ಅವನ ಮೊಣಕೈ ಮೇಲೆ ಸುರಿದು ರಸ್ತೆಗಿಳಿಯಿತು. ಬೋಲ್ಟನ್ನು ಚರಂಡಿಗೆ ಎಸೆದ.

ಬದರಿ ಓಡಿ ಬಂದು ಅವನ ಪಕ್ಕೆಗೆ ಒದ್ದ. "ಏನು ಮಾಡಿದೆಯೋ ಹರಾಮಿ?"

"ಎಣ್ಣೆ ಬಿಟ್ಟೆ."

ಸರಸ್ವತಮ್ಮ ಸೀರೆ ಎತ್ತಿ ಹಿಡಿದು ಕೆಳಗಿಳಿದರು. ಗುರುಪ್ರಕಾಶನೂ ಇಳಿದ. "ಆಚಾರ್ರ, ಏನಿದು ನಿಮ್ಮ ಮನಿ ರಾಮಾಯಣ?"

"ಏನಿಲ್ಲ, ಇಲ್ಲೇ ನಿಂತಿರಿ" ಎಂದ ಬದರಿ ಕಾರಿನೊಳಗೆ ಕೂತು ಎಂಜಿನ್ ಶುರು ಮಾಡುತ್ತ. "ಎಣ್ಣೆ ಹೋದ್ರೆ ಎಣ್ಣೆ ಹಾಕಿಸ್ತೀನಿ. ಮುಂದೆ ಪಂಪಿದೆ, ಈಗ ಬಂದೆ." ಕಿಟಕಿಯಿಂದ ತಮ್ಮನ ಕಡೆ ಉಗಿದ. "ನಿನ್ನಂಥವನು ತಡೆದರೆ ನಿಲ್ಲೋನಲ್ಲ ನಾನು."

ಆಫ್ ಮಾಡು, ಎಣ್ಣೆಯಿಲ್ಲದೆ ಎಂಜಿನ್ ಕಚ್ಚಿಕೊಂಡು ಹೋಗುತ್ತೆ. ಗೋಪಿನಾಥ ಇಷ್ಟು ಹೇಳಿದ್ದರೆ ಸಾಕಿತ್ತು, ಅವನ ಬಾಳಿನ ಒಂದೇ ಒಳ್ಳೆಯ ಕೆಲಸವಾದ ಆ ಎಂಜಿನ್ ಉಳಿಯುತ್ತಿತ್ತು. ಉಳಿದರೆ ಬದರಿ ನಾಳೆ ಹೊಸ ಬೋಲ್ಟು ಹಾಕಿಸುತ್ತಾನೆ, ನಾಡಿದ್ದು ಇನ್ನೊಂದು ಸಂಸಾರವನ್ನು ಕೂರಿಸಿಕೊಳ್ಳುತ್ತಾನೆ. ಗೋಪಿನಾಥ ಹಲ್ಲು ಕಚ್ಚಿ ಸುಮ್ಮನೆ ನಿಂತ.

ಬದರಿ ಸಿಟ್ಟಿನಲ್ಲಿ ಆಕ್ಸಿಲರೇಟರ್ ತುಳಿದೇ ಹೋದ. ಗೋಡೌಲಿಯಾ ಚೌಕದ ಕಡೆ ಕಾರು ಮರೆಯಾದರೂ ಸದ್ದು ಕೇಳುತ್ತಿತ್ತು. ಮೊದಲು ತುಂಬಿದ ದನಿ, ಆಮೇಲೆ ಒಳಗೆ ಯಾರೋ ಸುತ್ತಿಗೆಯಿಂದ ಬಡಿದಂತೆ, ಕೊನೆಗೆ ಕಬ್ಬಿಣ ಕಬ್ಬಿಣವನ್ನು ಉಜ್ಜುವ ಕಿರುಚು. ಅದೂ ನಿಂತಿತು.

ಬದರಿ ನಡೆದುಕೊಂಡೇ ವಾಪಸು ಬಂದ. ಕೂಗಾಡಲಿಲ್ಲ. ತಮ್ಮನ ಕೆನ್ನೆಗೆ ಒಂದು ಬಾರಿಸಿದ, ಅಷ್ಟೆ.

"ಗಯೆಗೆ ಹೋದವರಿಗೆ ಒಂದು ಹಣ್ಣು, ಒಂದು ತರಕಾರಿ ಬಿಡಿಸ್ತೀನಿ. ಸಾಯೋವರೆಗೂ ಅದನ್ನ ಮುಟ್ಟೋ ಹಾಗಿಲ್ಲ. ನಾನು ಇಲ್ಲೇ ಬಿಟ್ಟೆ, ನಿನ್ನನ್ನ. ಮನೆ ಹತ್ರ ಬರಬೇಡ. ನಾನು ಸತ್ತಾಗಲೂ ಬರಬೇಡ."

ಗುರುಪ್ರಕಾಶ ಯಾರಿಗೋ ಫೋನು ಮಾಡಿ ಮುಗಿಸಿದ್ದ. ಸ್ವಲ್ಪ ಹೊತ್ತಿಗೆ ರಾಘವೇಂದ್ರಾಚಾರ್ಯರ ಬಿಳಿ ಕಾರು ಬಂದು ನಿಂತಿತು. ಚೀಲಗಳನ್ನು ಅದಕ್ಕೆ ಸಾಗಿಸುತ್ತ ಅವನು ಗೋಪಿನಾಥನ ಮುಂದೆ ಒಂದು ಗಳಿಗೆ ನಿಂತ.

"ಕಡೀಗೂ ನಿಮ್ಮ ಆಚಾರ್ರಿಗೇ ನಮ್ಮನ್ನ ಮುಟ್ಟಿಸಿದ್ರಿ, ಭೇಷ್. ಇದಕ್ಕ ಬ್ರೇಕ್ ಐತಿಲ್ರಿ ಮತ್ತ?"

ಬಿಳಿ ಕಾರು ಹೋಯಿತು. ಬದರಿ ಗಲ್ಲಿಯೊಳಗೆ ಹೋದ. ಬ್ರೇಕಿನ ಪೈಪಿನಲ್ಲಿ ಬರೀ ಗಾಳಿ ಉಳಿದಿತ್ತೇನೋ. ಇನ್ನೊಂದು ಸಲ ತೆಗೆದು ನೋಡಿದ್ದರೆ ಬ್ರೇಕ್ ಹಿಡಿಯುತ್ತಿತ್ತೇನೋ. ಅಣ್ಣ ಹೇಳಿದ್ದೇ ನಿಜವಿದ್ದರೆ? ಗೋಪಿನಾಥ ತಲೆ ಕೊಡವಿದ.

ಹಾಲಿನ ಕ್ಯಾನು ತೂಗುಹಾಕಿಕೊಂಡಿದ್ದ ಸೈಕಲ್ಲೊಂದು ಎಣ್ಣೆಯ ಮೇಲೆ ಜಾರಿ, ಹಾಲಿನವನು ಕಾಲೂರಿ ಸಾವರಿಸಿಕೊಂಡ. ಯಾವ ಗಾಡಿಯವನದು ಈ ಕೆಲಸ ಎಂದು ಭೋಜಪುರಿಯಲ್ಲಿ ಅವನ ವಂಶವನ್ನೆಲ್ಲ ಜಾಲಾಡಿದ. ಗೋಪಿನಾಥ ರಸ್ತೆ ಬದಿಯ ಮರಳ ರಾಶಿಯಿಂದ ಎರಡೂ ಕೈಗಳಲ್ಲಿ ಮರಳು ಮೊಗೆದು ತಂದು ಎಣ್ಣೆಯ ಮೇಲೆ ಹರಡತೊಡಗಿದ.