ಮುಂದಿನ ವರ್ಷ ಬರ್ತೀವಿ

ಜಯನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಅಂಜನಾ ಇಪ್ಪತ್ತೆರಡು ವರ್ಷದಿಂದ ಆಪರೇಷನ್ ಥಿಯೇಟರಿನ ನರ್ಸ್. ಹೋದ ವರ್ಷ ಜುಲೈನಲ್ಲಿ ಅಲ್ಲಿನ ಸರ್ಜನ್ ಡಾಕ್ಟರ್ ಸೋಮನಾಥ್ ಹತ್ತು ದಿನದ ಮಟ್ಟಿಗೆ ಆಫ್ರಿಕಾದ ಮಲಾವಿಗೆ ಹೊರಟಾಗ ಅವಳನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿನ ಒಂದು ಜಿಲ್ಲಾಸ್ಪತ್ರೆಯಲ್ಲಿ ಸೀಳುತುಟಿಯ ಮಕ್ಕಳಿಗೆ ಉಚಿತ ಆಪರೇಷನ್. ಹೊಲಿಗೆಯ ದಾರ, ಗ್ಲೌಸು, ಅರಿವಳಿಕೆ ಔಷಧಿ ಎಲ್ಲವೂ ದಾನಿಗಳಿಂದ ಬಂದು ಬೆಂಗಳೂರಿನಿಂದಲೇ ಪೆಟ್ಟಿಗೆಗಳಲ್ಲಿ ಹೋಗಿತ್ತು. ನಲವತ್ತಮೂರು ಮಕ್ಕಳ ತುಟಿ ಕೂಡಿತು.

ಕೊನೆಯ ದಿನ ಮಧ್ಯಾಹ್ನ ಪೆಟ್ಟಿಗೆ ಕಟ್ಟುತ್ತಿದ್ದಾಗ ಒಬ್ಬ ಅಜ್ಜಿ ಆರು ವರ್ಷದ ಮೊಮ್ಮಗಳನ್ನು ಕರೆತಂದಳು. ಎರಡು ದಿನ ನಡೆದು ಬಂದಿದ್ದಳಂತೆ. ಹುಡುಗಿಯ ಹೆಸರು ಚಿಸೋಮೊ. ಬಾಯಿಗೆ ಅಂಗೈ ಅಡ್ಡ ಹಿಡಿದೇ ನಿಂತಿತ್ತು ಮಗು. ಅಲ್ಲಿನ ನರ್ಸ್ ಎಸ್ನಾಟ್ ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ತಡವಾಗಿದ್ದು ಗೊತ್ತು, ಇವಳೊಬ್ಬಳನ್ನು ನೋಡಿ ಅನ್ನುತ್ತಿದ್ದಾಳೆ ಎಂದಳು.

ಸಂಜೆಗೆ ವಿಮಾನ. ಆಗುವುದಿಲ್ಲ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಅಂಜನಾಗೆ ಆ ಮಾತು ಬಾಯಿಗೆ ಬರಲಿಲ್ಲ. ಮಂಡಿಯೂರಿ ಕುಳಿತು ಮಗುವಿನ ಕೆನ್ನೆ ಸವರಿ, "ಮುಂದಿನ ವರ್ಷ ಇದೇ ತಿಂಗಳು ಬರ್ತೀವಿ. ಮೊದಲನೇ ಹೆಸರು ನಿಂದೇ" ಅಂದಳು. ಆ ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲೇ ಸೋಮನಾಥ್ ಹೇಳಿದ್ದರು, ಖರ್ಚು ವಹಿಸಿಕೊಂಡ ಕಂಪನಿ ಇದೊಂದೇ ಸಲ ಅಂದಿದೆ, ಮತ್ತೆ ಬರೋದಿಲ್ಲ ಅಂತ. ಅದು ಗೊತ್ತಿದ್ದೇ ಆಡಿದ ಮಾತು. ಎಸ್ನಾಟ್ ಅದನ್ನು ತಿಳಿಸಿದ ಮೇಲೆ ಅಜ್ಜಿ ಮೊಣಕಾಲು ಬಾಗಿಸಿ, ಎರಡೂ ಕೈಯಿಂದ ಮೆಲ್ಲಗೆ ಚಪ್ಪಾಳೆ ತಟ್ಟಿ ವಂದಿಸಿದಳು.

ಈ ವರ್ಷದ ಜುಲೈ. ಒಂದು ಗುರುವಾರ ಊಟದ ಬಿಡುವಿನಲ್ಲಿ ಎಸ್ನಾಟ್ ಫೋನ್ ಮಾಡಿದಳು.

"ಸಿಸ್ಟರ್, ಯಾವ ದಿನ ಬರುತ್ತೀರಿ? ಅಜ್ಜಿ ಮಗುವನ್ನು ಕರೆದುಕೊಂಡು ಸೋಮವಾರವೇ ಬಂದಿದ್ದಾಳೆ. ಹೊರಗೆ ಮರದ ಕೆಳಗೆ ಇದ್ದಾರೆ."

ಅಂಜನಾ ತಿನ್ನುತ್ತಿದ್ದ ಡಬ್ಬಿಯ ಮುಚ್ಚಳ ಹಾಕಿದಳು. "ಡಾಕ್ಟರನ್ನ ಕೇಳಿ ಹೇಳ್ತೀನಿ" ಎಂದು ಫೋನಿಟ್ಟಳು. ಡಾಕ್ಟರನ್ನು ಕೇಳಲಿಲ್ಲ. ಶುಕ್ರವಾರ ಎರಡು ಸಲ, ಶನಿವಾರ ಒಂದು ಸಲ ಅದೇ ನಂಬರು ಬಂತು. ಎತ್ತಲಿಲ್ಲ. ಕೋಣನಕುಂಟೆಯ ಮನೆಯಲ್ಲಿ ಅತ್ತೆ ಸಿದ್ದಗಂಗಮ್ಮ, "ಯಾರೇ ಅದು, ಹೊಡ್ಕೋತಾನೇ ಇದೆ?" ಅಂದರೆ, "ಲೋನ್ ಬೇಕಾ ಅಂತ ಕೇಳೋರು ಅತ್ತೆ" ಅಂದಳು.

ಭಾನುವಾರ ಬನಶಂಕರಿಯಲ್ಲಿ ಅವರ ಸಮಾಜದ ವಾರ್ಷಿಕೋತ್ಸವ. ತಿಂಗಳ ಹಿಂದೆಯೇ ಅವಳ ಹೆಸರು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅಧ್ಯಕ್ಷ ಪರಮಶಿವಯ್ಯನವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮೈಕಿನಲ್ಲಿ ಹೇಳಿದರು: "ದಯವೇ ಧರ್ಮ ಅಂತ ನಾವೆಲ್ಲ ಬಾಯಲ್ಲಿ ಹೇಳ್ತೀವಿ. ಈ ನಮ್ಮ ಹೆಣ್ಮಗಳು ಸಮುದ್ರ ದಾಟಿ ಹೋಗಿ ಮಾಡಿ ಬಂದಿದ್ದಾಳೆ. ಮತ್ತೆ ಯಾವಾಗಮ್ಮ ಹೋಗೋದು?"

"ಕರೆದ್ರೆ ಹೋಗ್ತೀನಿ ಸಾರ್."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ಸಾಲಿನಲ್ಲಿ ಸಿದ್ದಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಜನಾಗೆ ಶಾಲನ್ನು ಕಿತ್ತು ಅಲ್ಲೇ ಇಟ್ಟು ಬರಬೇಕೆನಿಸಿತು. ಬದಲಿಗೆ ಫೋಟೊಗೆ ನಿಂತಳು, ನಕ್ಕಳು ಕೂಡ.

ಸೋಮವಾರ ಮೊದಲ ಕೇಸು ಮುಗಿದ ಮೇಲೆ ಸೋಮನಾಥರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಬರಲ್ಲ ಅಂತ ಅವತ್ತೇ ಹೇಳಿದ್ನಲ್ಲಮ್ಮ. ಮತ್ಯಾಕೆ ಹಾಗೆ ಹೇಳಿದ್ರಿ?"

"ಇಲ್ಲ ಅನ್ನೋಕೆ ಆಗ್ಲಿಲ್ಲ ಸಾರ್."

"ಈಗ ಅನ್ಬೇಕು. ನಾನ್ ಮಾಡಲಾ ಫೋನು?"

"ಬೇಡ ಸಾರ್. ನಾನೇ ಮಾಡ್ತೀನಿ."

ಬಟ್ಟೆ ಬದಲಿಸುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಎಸ್ನಾಟ್‌ಗೆ ಫೋನ್ ಮಾಡಿದಳು. ನಾವು ಬರುತ್ತಿಲ್ಲ, ಬರುವುದಿಲ್ಲ ಅಂತ ಆವತ್ತೇ ನನಗೆ ಗೊತ್ತಿತ್ತು ಎಂದಳು.

"ಸಿಸ್ಟರ್, ನಮ್ಮ ದೊಡ್ಡ ಊರಿನ ಆಸ್ಪತ್ರೆಯಲ್ಲೂ ಈ ಆಪರೇಷನ್ ಮಾಡುತ್ತಾರೆ. ನೀವು ಹೋದ ಮುಂದಿನ ವಾರವೇ ನಮ್ಮ ಗಾಡಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಯಿತು. ಚಿಸೋಮೊಗೂ ಜಾಗ ಇತ್ತು. ಅಜ್ಜಿ ಒಪ್ಪಲಿಲ್ಲ. ಇಂಡಿಯಾದ ಸಿಸ್ಟರ್ ಮಾತು ಕೊಟ್ಟಿದ್ದಾರೆ, ಅವರೇ ಮಾಡಲಿ ಅಂದಳು."

ಅಲ್ಲಿ ಮಾಡಬಲ್ಲವರು ಇರಬಹುದು ಎಂಬ ಯೋಚನೆಯೇ ಅಂಜನಾಗೆ ಬಂದಿರಲಿಲ್ಲ. ತನ್ನದು ಕರುಣೆಯ ಸುಳ್ಳು ಎಂದು ಒಂದು ವರ್ಷ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆ ಸುಳ್ಳು ಮಗುವಿನ ಒಂದು ವರ್ಷವನ್ನು ತಿಂದಿತ್ತು.

"ಅಜ್ಜಿಗೆ ಫೋನ್ ಕೊಟ್ಟು ಸ್ಪೀಕರ್ ಹಾಕಿ," ಎಂದಳು. "ನಾನೇ ಹೇಳ್ತೀನಿ. ನೀವು ಅವರ ಭಾಷೆಯಲ್ಲಿ ತಿಳಿಸಿ."

ಆ ಕಡೆ ಕಾಲುಸಪ್ಪಳ, ಕೋಳಿಗಳ ಸದ್ದು, ಆಮೇಲೆ ಒಂದು ಮುದಿ ದನಿ. ಎಸ್ನಾಟ್ ಹೇಳಿದಳು: "ನಿಮಗೆ ಹುಷಾರಿಲ್ಲವೇ, ಅದಕ್ಕೇ ಬರಲಿಲ್ಲವೇ ಅಂತ ಕೇಳುತ್ತಿದ್ದಾಳೆ."

ಹೌದು ಅಂದರೆ ಸಾಕಿತ್ತು. ಅಂಜನಾ ಕಣ್ಣು ಮುಚ್ಚಿಕೊಂಡು, "ಚೆನ್ನಾಗಿದ್ದೀನಿ. ಆವತ್ತು ಸುಳ್ಳು ಹೇಳಿದೆ. ತಪ್ಪಾಯ್ತು ಅಂತ ಹೇಳಿ," ಅಂದಳು.

ಎಸ್ನಾಟ್ ಹೇಳಿದಳು. ಅಜ್ಜಿ ಫೋನನ್ನು ಎಸ್ನಾಟ್ ಕೈಗೆ ಕೊಟ್ಟು ಎದ್ದು ಹೋದಳಂತೆ.

ಆ ಸಂಜೆ ಅಂಜನಾ ಅತ್ತೆಗೂ ಹೇಳಿದಳು. ಸಿದ್ದಗಂಗಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಬೈಯಲಿಲ್ಲ. "ಹಾಗಾದ್ರೆ ನಿನ್ನೆ ಅಲ್ಲಿ ನಿಂತ್ಕೊಂಡು ಹೆಂಗ್ ನಗ್ತಿದ್ದೆ ತಾಯಿ?" ಎಂದಷ್ಟೇ ಕೇಳಿ, ಮೊರವನ್ನು ಎತ್ತಿಕೊಂಡು ಒಳಗೆ ಹೋದರು.

ಅಕ್ಟೋಬರಿನಲ್ಲಿ ಎಸ್ನಾಟ್‌ಳಿಂದ ಎರಡು ಸಾಲಿನ ಮೆಸೇಜು ಬಂತು. ದೊಡ್ಡ ಊರಿನಲ್ಲಿ ಚಿಸೋಮೊಗೆ ಆಪರೇಷನ್ ಆಗಿದೆ, ಗಾಯ ಚೆನ್ನಾಗಿ ಮಾಯುತ್ತಿದೆ. ಫೋಟೊ ಕಳಿಸಿರಲಿಲ್ಲ. ಕಳಿಸಿ ಎಂದು ಕೇಳುವ ಮುಖ ಅಂಜನಾಗೆ ಇರಲಿಲ್ಲ.