ಮೇಲಿನ ಕಿಂಡಿ

ಡಾರ್ಸಿಯ ಕಂಪ್ಯೂಟರ್ ಅಂಗಡಿಯಲ್ಲಿ ಒಂದು ಗೋಡೆಯಿತ್ತು. ಅದಕ್ಕೆ 'ಪೆದ್ದರ ಗೋಡೆ' ಎಂದು ಅವನೇ ಹೆಸರಿಟ್ಟಿದ್ದ. ಗಿರಾಕಿಗಳು ಮಾಡಿಕೊಂಡ ಎಡವಟ್ಟುಗಳ ಫೋಟೋ ತೆಗೆದು ಅಲ್ಲಿ ಅಂಟಿಸುತ್ತಿದ್ದ. ಅರ್ಧಕ್ಕರ್ಧ ಒಂದೇ ಎಡವಟ್ಟು. ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೆ ಕಂಪ್ಯೂಟರಿನ ಬೆನ್ನಲ್ಲಿ ಒಂದೇ ಥರದ ಎರಡು ಕಿಂಡಿಗಳಾಗುತ್ತವೆ: ಮೇಲಿನದು ಕಂಪ್ಯೂಟರಿನದು, ಕೆಳಗಿನದು ಕಾರ್ಡಿನದು. ಪರದೆಯ ಕೇಬಲ್ಲನ್ನು ಮೇಲಿನದಕ್ಕೆ ಚುಚ್ಚಿದರೂ ಚಿತ್ರವೇನೋ ಬರುತ್ತದೆ, ಆದರೆ ಕಾಸು ಕೊಟ್ಟು ತಂದ ಕಾರ್ಡು ಒಳಗೆ ನಿದ್ದೆ ಹೊಡೆಯುತ್ತಿರುತ್ತದೆ. ಕೆನಡಾದ ಕೆನೋರಾದಂಥ ಸಣ್ಣ ಊರಿನಲ್ಲಿ ಫೋಟೋದ ಕೆಳಗೆ ಹೆಸರು ಬರೆಯುವ ಅಗತ್ಯವಿರಲಿಲ್ಲ. ಮೇಜು, ಕಾರ್ಪೆಟ್ಟು ನೋಡಿಯೇ ಯಾರ ಮನೆಯೆಂದು ಜನ ಹೇಳುತ್ತಿದ್ದರು.

ಆಗಸ್ಟಿನಲ್ಲಿ ವರ್ನಾ ಹಾಲ್ವರ್ಸನ್ ಅಂಗಡಿಗೆ ಬಂದಳು. ಮೂವತ್ತೊಂದು ವರ್ಷ ಶಾಲಾ ಬಸ್ಸು ಓಡಿಸಿ, ಒಂದು ಗೀರೂ ಬೀಳದಂತೆ ಬಸ್ಸನ್ನು ಹಿಂತಿರುಗಿಸಿ ನಿವೃತ್ತಳಾದವಳು. ಈಗ ಐವತ್ತೆರಡಾದ ಡಾರ್ಸಿಯೂ ಚಿಕ್ಕಂದಿನಲ್ಲಿ ಅದೇ ಬಸ್ಸಿನ ಮೂರನೇ ಸೀಟಿನವನು. ಅವಳು ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ನನ್ನನ್ನ ಮಾತ್ರ ಇಲ್ಲಿ ಅಂಟಿಸ್ಬೇಡಪ್ಪ" ಎಂದು ನಕ್ಕಳು.

"ನಂಗೆ ಭಾರಿ ಆಟಗೀಟ ಬೇಡ. ಸಂಜೆ ಹೊತ್ತು ಆ ಹೊಲ ಉಳೋ ಆಟ ಒಂಚೂರು ಆಡ್ತೀನಿ, ಅಷ್ಟೇ. ಮುಖ್ಯ ಅಂದ್ರೆ ನಮ್ಮ ಹುಡುಗೀರ ಕರ್ಲಿಂಗ್ ವಿಡಿಯೋ. ಹೊಸ ಕ್ಯಾಮೆರಾದಲ್ಲಿ ಚೊಕ್ಕವಾಗೇ ತೆಗ್ದಿದೀನಿ, ಮನೆ ಪರದೇಲಿ ಹಾಕಿದ್ರೆ ಕಲ್ಲು ಕುಂಟ್ತದೆ."

ಊರಿನ ಹುಡುಗಿಯರಿಗೆ ಐಸಿನ ಮೇಲೆ ಕಲ್ಲು ಜಾರಿಸುವ ಆ ಆಟ ಕಲಿಸುವವಳು ಅವಳೇ. ಜಾರಿ ಹೋಗುವ ಕಲ್ಲು ಕೊನೆಯಲ್ಲಿ ಎಲ್ಲಿ ತಿರುಗುತ್ತದೆಂದು ಕಂಡರೆ ತಾನೇ ಹುಡುಗಿಯರಿಗೆ ಹೇಳಿಕೊಡುವುದು? ಡಾರ್ಸಿಗೆ ಅರ್ಥವಾಯಿತು.

"ಇಟ್ಟಿಗೆಯಂಥ ದೊಡ್ಡ ಕಾರ್ಡುಗಳ ಕಡೆ ನೋಡ್ಲೇಬೇಡಿ ವರ್ನಾ ಅಮ್ಮ. ನಿಮ್ಮ ಡಬ್ಬದಲ್ಲಿ ಅದಕ್ಕೆ ಜಾಗಾನೂ ಇಲ್ಲ, ಕರೆಂಟೂ ಸಾಲಲ್ಲ. ಈ ಪುಟ್ಟದು ಸಾಕು. ಫ್ಯಾನೇ ಇಲ್ಲ, ಸದ್ದೂ ಇಲ್ಲ. ಎಂಥಾ ವಿಡಿಯೋನಾದ್ರೂ ನೀರು ಕುಡ್ದಂಗೆ ಓಡಿಸತ್ತೆ."

ಆಯ್ಕೆ ಸರಿಯಾಗಿಯೇ ಇತ್ತು. ಆಮೇಲೆ ಅವನನ್ನು ಹೆಚ್ಚು ಕೊರೆದದ್ದೂ ಅದೇ.

ಅವಳ ಮನೆಗೆ ಹೋಗಿ ಕಾರ್ಡನ್ನು ಅವನೇ ಕೂರಿಸಿದ. ಬಸ್ಸಿನ ಹಳೆಯ ಕಥೆ ಹೇಳುತ್ತ, ಮೇಜಿನ ಹಿಂದೆ ಕೈ ತೂರಿಸಿ, ಕಣ್ಣಿಟ್ಟು ನೋಡದೆಯೇ ಕೇಬಲ್ ಚುಚ್ಚಿದ. ಧೂಳು ಹೊಡೆಯುವಾಗ ಕಳಚಿಹೋದರೆ ಗೊತ್ತಿರಲಿ ಎಂದು ವರ್ನಾ ಬಗ್ಗಿ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡಳು. ವಿಡಿಯೋ ಹಾಕಿ ನೋಡುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

ಎರಡು ವಾರದ ಮೇಲೆ ಅವಳು ಅಂಗಡಿಗೆ ಫೋನ್ ಮಾಡಿದಳು. ಕಲ್ಲು ಇನ್ನೂ ಕುಂಟುತ್ತಿದೆ ಎಂದಳು. ಕೌಂಟರಿನ ಮುಂದೆ ಮೂರು ಜನ ನಿಂತಿದ್ದರು, ಡಾರ್ಸಿಗೆ ನಾಲಿಗೆ ತುರಿಸಿತು.

"ಕಾರ್ಡು ಸರಿಯಾಗೇ ಇದೆ. ಎಪ್ಪತ್ನಾಲ್ಕು ವರ್ಷದ ಕಣ್ಣು ಹೆಂಗಿದೆ ಅಂತ ಒಂದ್ಸಲ ತೋರಿಸ್ಕೊಳ್ಳಿ ಅಮ್ಮ."

ಮೂವರೂ ನಕ್ಕರು. ಅವನು ರಿಸೀವರಿಗೆ ಕೈ ಅಡ್ಡ ಇಡಲಿಲ್ಲ. "ಇರಬಹುದು" ಎಂದು ವರ್ನಾ ಫೋನ್ ಇಟ್ಟಳು.

ಅಕ್ಟೋಬರಿನಲ್ಲಿ ಅವಳ ಪ್ರಿಂಟರ್ ಕೆಟ್ಟಿತೆಂದು ಹೋದಾಗ ಅವಳ ಮೂಗಿನ ಮೇಲೆ ಹೊಸ ಕನ್ನಡಕ ಕೂತಿತ್ತು. ಪ್ರಿಂಟರಿನ ವೈರು ಹುಡುಕಲು ಡಾರ್ಸಿ ಮೇಜನ್ನು ಎಳೆದು ಹಿಂದೆ ಬಗ್ಗಿದ. ಪರದೆಯ ಕೇಬಲ್ ಮೇಲಿನ ಕಿಂಡಿಯಲ್ಲಿತ್ತು. ಯಾರೂ ನೋಡುತ್ತಿಲ್ಲವೆನ್ನುವ ಹಾಗೆ ಅದನ್ನು ಕಿತ್ತು ಕೆಳಗಿನದಕ್ಕೆ ಚುಚ್ಚಿದ. ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ ವಿಡಿಯೋ ಹಾಕಿದ. ಕಲ್ಲು ಬೆಣ್ಣೆಯ ಮೇಲೆ ಜಾರಿದಂತೆ ಹೋಗಿ, ತಿರುಗಿ, ನಿಂತಿತು.

"ಅಯ್ಯೋ, ಎಷ್ಟು ಚೆನ್ನಾಗಿ ಕಾಣ್ತಿದೆ," ಎಂದಳು ವರ್ನಾ. "ಕನ್ನಡಕಕ್ಕೆ ಕಣ್ಣು ಈಗ ಒಗ್ಗಿತು ಅನ್ಸತ್ತೆ. ಡಾಕ್ಟರೇನೋ ನಂಬರ್ ಚೂರು ಬದಲಾಗಿದೆ ಅಷ್ಟೇ ಅಂದ್ರು. ಆದ್ರೆ ಕಲ್ಲು ಕುಂಟೋದು ನಂಗೇ ಕಾಣ್ತಿತ್ತಲ್ಲ, ಅವರ ಮಾತು ಹೆಂಗೆ ನಂಬೋದು? ಕಾರು ಬಿಡೋದು ನಿಲ್ಲಿಸ್ದೆ. ಶನಿವಾರ ಅಣ್ಣನ ಮಗ ಬಂದು ತಗೊಂಡು ಹೋಗ್ತಾನೆ. ನನ್ನ ಕಣ್ಣಿಂದ ಯಾವ ಮಗೂಗಾದ್ರೂ ಏನಾದ್ರೂ ಆದ್ರೆ?"

ಅವಳು ಫೋನ್ ತೆಗೆದು, ಎಲ್ಲ ಮೊದಲಿನಂತೆಯೇ ಇದೆಯೇ ಎಂದು ಹಳೆಯ ಫೋಟೋಗೆ ಹೋಲಿಸಿ ನೋಡಿದಳು.

"ಇದು ಮೇಲಿನ ತೂತಲ್ಲಿ ಇತ್ತಲ್ವಾ?"

"ಎರಡೂ ಒಂದೇ ಅಮ್ಮ," ಎಂದ ಡಾರ್ಸಿ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಅಸಹ್ಯವಾಯಿತು.

"ಹೌದಾ. ನಂಗೇ ಸರಿಯಾಗಿ ಕಾಣ್ತಿಲ್ಲ ಬಿಡು." ಅವಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು.

ಅವನು ಹೊರಗೆ ಬಂದು ವ್ಯಾನಿನಲ್ಲಿ ಕುಳಿತ. ಎದುರಿಗೆ ಅವಳ ಕಾರು ನಿಂತಿತ್ತು, ಕೊಡುವುದಕ್ಕೆಂದು ತೊಳೆದು ಒರೆಸಿ ಇಟ್ಟಿದ್ದಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಹೇಳದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಈ ಯೋಚನೆ ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಗಿ, ಇಳಿದು ಮತ್ತೆ ಬಾಗಿಲು ತಟ್ಟಿದ.

"ನಿಮ್ಮ ಕಣ್ಣು ಚೆನ್ನಾಗಿದೆ ವರ್ನಾ ಅಮ್ಮ," ಎಂದ, ತನ್ನ ಬೂಟುಗಳನ್ನೇ ನೋಡುತ್ತ. "ಕೇಬಲ್ ತಪ್ಪು ಜಾಗಕ್ಕೆ ಹಾಕಿದ್ದು ನಾನು. ಕಲ್ಲು ನಿಜವಾಗ್ಲೂ ಕುಂಟ್ತಾನೇ ಇತ್ತು. ಈಗ ಎರಡೂ ಒಂದೇ ಅಂದಿದ್ದೂ ಸುಳ್ಳು."

ಅವಳು ಮೊಳೆಯಿಂದ ಕಾರಿನ ಬೀಗದಕೈ ತೆಗೆದುಕೊಂಡಳು.

"ಆರು ವಾರ ನನ್ನ ಕಣ್ಣನ್ನೇ ನಂಬ್ಲಿಲ್ಲ ನಾನು," ಎಂದಳು. "ಕಾರಲ್ಲಿ ಕೂತ್ಕೋ. ನಿನ್ನ ವ್ಯಾನು ಇಲ್ಲೇ ಇರ್ಲಿ. ಈ ಫೋಟೋನ ನಿನ್ನ ಗೋಡೆಗೆ ಅಂಟಿಸಿ ಬರೋಣ."

ಹೊತ್ತು ಮುಳುಗುತ್ತಿತ್ತು. ಡಾರ್ಸಿ ಬೆಲ್ಟು ಹಾಕಿಕೊಂಡು ಕೈಗಳನ್ನು ತೊಡೆಯ ಮೇಲಿಟ್ಟು ಕುಳಿತ. ಕ್ಷಮಿಸಿ ಎನ್ನಲು ಎರಡು ಸಲ ಬಾಯಿ ತೆರೆದ, ಅವಳು ರಸ್ತೆಯಿಂದ ಕಣ್ಣು ಕದಲಿಸಲಿಲ್ಲ. ರೈಲು ಹಳಿ ದಾಟುವ ಕಡೆ ಗೇಟು ಬಿದ್ದಿರಲಿಲ್ಲ, ಗಂಟೆಯೂ ಬಡಿದಿರಲಿಲ್ಲ. ಆದರೂ ಶಾಲಾ ಬಸ್ಸು ಓಡಿಸುವಾಗಿನ ರೂಢಿಯಂತೆ ವರ್ನಾ ಪೂರ್ತಿ ನಿಲ್ಲಿಸಿ, ಕಿಟಕಿ ಇಳಿಸಿ, ಬಲಗೈ ಎತ್ತಿದಳು. ಬಸ್ಸಿನಲ್ಲಿ ಆ ಕೈ ಎದ್ದರೆ ನಲವತ್ತು ಮಕ್ಕಳೂ ಗಪ್‌ಚುಪ್ ಆಗುತ್ತಿದ್ದರು. ಡಾರ್ಸಿ ನೆಟ್ಟಗೆ ಕುಳಿತ.

"ರೈಲು ಬರ್ತಿದೆಯಾ ನೋಡು."

ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ಕಡೆ ಕಂಬಿ ಮಬ್ಬಿನಲ್ಲಿ ಕರಗಿತ್ತು.

"ಇಲ್ಲ ಅಮ್ಮ."

"ಬಲಗಡೆ. ಬಂಡೆ ತಿರುವಿನ ಹತ್ರ. ದೀಪ."

ಅವನು ಕಣ್ಣು ಕಿರಿದು ಮಾಡಿ ನೋಡಿದ. ಏನೂ ಕಾಣಲಿಲ್ಲ. ಇನ್ನೂ ಸ್ವಲ್ಪ ಹೊತ್ತಾದ ಮೇಲೆ ಸಾಸಿವೆ ಕಾಳಿನಷ್ಟು ಬೆಳಕು ಕಂಡಿತು, ಗಂಟೆ ಬಡಿಯಿತು, ಗೇಟು ಇಳಿಯಿತು.

"ಒಂದ್ಸಲ ಕಣ್ಣು ತೋರಿಸ್ಕೋ," ಎಂದಳು ವರ್ನಾ. ಅವಳು ನಗುತ್ತಿರಲಿಲ್ಲ.