ಪ್ಲೈವುಡ್ಡಿನ ಆಚೆ ಒಂದು ಮೌಸು

೧

ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯುತ್ತಿಲ್ಲ. ತಿಳಿದಿದ್ದರೆ ಇಷ್ಟು ಹೊತ್ತಿಗೆ ಕಥೆ ಮುಗಿಸಿ ಊಟಕ್ಕೆ ಎದ್ದಿರುತ್ತಿದ್ದೆ. ‘ಅಂದು ಮಧ್ಯಾಹ್ನ ಮೌಸು ಕೈಕೊಟ್ಟಿತು’ ಎಂದು ಬರೆದೆ. ಓದಿ ನೋಡಿದರೆ ರಿಪೇರಿಯವನಿಗೆ ಕೊಟ್ಟ ದೂರಿನ ಹಾಗಿತ್ತು. ಹೊಡೆದು ಹಾಕಿದೆ. ‘ಅಕ್ಕ ತಂಗಿಯರ ನಡುವೆ ಎರಡು ವರ್ಷದಿಂದ ಮಾತಿರಲಿಲ್ಲ’ ಎಂದು ಬರೆದೆ. ಸೀರಿಯಲ್ಲಿನ ಮೊದಲ ಕಂತಿನ ಹಾಗಾಯಿತು. ಅದನ್ನೂ ಹೊಡೆದೆ. ಆದರೆ ಸ್ವಾಮಿ, ಎರಡೂ ನಿಜ. ಮೌಸು ಕೈಕೊಟ್ಟಿದ್ದೂ ನಿಜ, ಮಾತಿಲ್ಲದ್ದೂ ನಿಜ. ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕುವುದು ಹೇಗೆ ಅನ್ನುವುದೇ ನನ್ನ ತಲೆನೋವು.

೧ (ಇನ್ನೊಂದು ಸಲ)

ಸರಿ, ಅಂಗಡಿಯಿಂದಲೇ ಶುರು ಮಾಡುತ್ತೇನೆ. ಒಂದು ಉದ್ದನೆಯ ಕೋಣೆ. ನಟ್ಟನಡುವೆ ಪ್ಲೈವುಡ್ ಗೋಡೆ. ಗೋಡೆ ಸೂರಿಗೆ ಮುಟ್ಟುವುದಿಲ್ಲ. ಮೇಲೆ ಒಂದು ಮೊಳ ಖಾಲಿ ಬಿಟ್ಟಿದ್ದಾರೆ. ಇರುವ ಒಂದೇ ಟ್ಯೂಬ್‌ಲೈಟಿನ ಬೆಳಕು ಇಬ್ಬರಿಗೂ ಬೀಳಬೇಕಲ್ಲ, ಅದಕ್ಕೆ. ಈ ಕಡೆ ಅಕ್ಕ: ಟೈಪಿಂಗ್, ಪ್ರಿಂಟಿಂಗ್. ಆ ಕಡೆ ತಂಗಿ: ಹಳೇ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಹರಿದದ್ದನ್ನು ಸರಿಮಾಡಿ, ದೊಡ್ಡದು ಮಾಡಿಕೊಡುವುದು. ಎರಡು ಬಾಗಿಲು, ಎರಡು ಬೋರ್ಡು. ಫೋಟೋದವರು ತಪ್ಪಿ ಈ ಕಡೆ ಬಂದರೆ ಅಕ್ಕ ಬಾಯಿ ಬಿಡುವುದಿಲ್ಲ, ಗದ್ದ ಎತ್ತಿ ಪಕ್ಕಕ್ಕೆ ತೋರಿಸುತ್ತಾಳೆ. ಟೈಪಿಂಗಿನವರಿಗೆ ಆ ಕಡೆಯೂ ಅದೇ ಗದ್ದ, ಅದೇ ಸನ್ನೆ.

ಮೊದಲು ಹೀಗಿರಲಿಲ್ಲ. ಒಂದೇ ಅಂಗಡಿ, ಒಂದೇ ಕಂಪ್ಯೂಟರು. ಬೆಳಗ್ಗೆ ಅಕ್ಕನ ಟೈಪಿಂಗು, ಮಧ್ಯಾಹ್ನದ ಮೇಲೆ ತಂಗಿಯ ಫೋಟೋ ಕೆಲಸ.

(ಇಲ್ಲಿ ಅಕ್ಕನ ವಯಸ್ಸು ಬರೆದಿದ್ದೆ. “ಅದೆಲ್ಲ ಯಾಕಪ್ಪಾ ನಿನಗೆ? ಕಥೆಗೆ ಬೇಕಾ?” ಅಂದಳು. ಬೇಡ ಅಂದೆ. “ಮತ್ತೆ ತೆಗಿ.” ತೆಗೆದೆ. ನನ್ನ ಪಾತ್ರಗಳ ಮುಂದೆ ನನ್ನ ಆಟ ನಡೆಯುವುದು ಇಷ್ಟೇ.)

೨

ಅಕ್ಕನ ಕಂಪ್ಯೂಟರು ಮುದಿಯಾಗಿತ್ತು. ಬೆಳಗ್ಗೆ ಆನ್ ಮಾಡಿ, ಅಂಗಡಿ ಗುಡಿಸಿ, ಮುಂದೆ ನೀರು ಹಾಕಿ ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಾ ಕೂತಿರುತ್ತಿತ್ತು. ಕೊನೆಗೆ ರಿಪೇರಿಯವನನ್ನು ಕರೆಸಿದಳು. ಏನು ಹೇಳಿದರೂ “ಆಯ್ತಾಯ್ತು” ಅನ್ನುವುದರಿಂದ ಅವನ ಹೆಸರೇ ಬೀದಿಯಲ್ಲಿ ಆಯ್ತಾಯ್ತು ಎಂದಾಗಿದೆ. ಅವನು ಹೊಸ ಕ್ಯಾಬಿನೆಟ್, ಹೊಸ ಬೋರ್ಡು, ಹೊಸ ಡಿಸ್ಕು ತಂದ. ಹಳೇ ಡಬ್ಬದ ಬೆನ್ನಿಗೆ ಚುಚ್ಚಿದ್ದನ್ನೆಲ್ಲ ಒಂದನ್ನೂ ಬಿಡದೆ ಕಿತ್ತು ಹೊಸದಕ್ಕೆ ಚುಚ್ಚಿದ.

(ಈ ‘ಒಂದನ್ನೂ ಬಿಡದೆ’ ಅನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಜಾಣ ಲೇಖಕರು ಇದನ್ನು ಮೆಲ್ಲಗೆ ಮುಚ್ಚಿಡುತ್ತಾರೆ. ನನಗೆ ಮುಚ್ಚಿಡಲು ಬರುವುದಿಲ್ಲ.)

ಬೆಳಗ್ಗೆಯೆಲ್ಲ ಹೊಸ ಯಂತ್ರ ಜಿಂಕೆಯ ಹಾಗೆ ಓಡಿತು. ಮಧ್ಯಾಹ್ನ ಅಕ್ಕ ಯಾರದ್ದೋ ಮನೆ ಬಾಡಿಗೆ ಕರಾರು ಟೈಪ್ ಮಾಡುತ್ತಿದ್ದಾಗ ಸ್ಕ್ರೀನಿನ ಮೇಲಿನ ಬಾಣ ತಾನಾಗಿ ಪಕ್ಕಕ್ಕೆ ಸರಿಯಿತು. ಅಕ್ಕ ಎಳೆದು ತಂದಳು. ಮತ್ತೆ ಸರಿಯಿತು. ಕೈ ಎತ್ತಿ ಮಡಿಲಲ್ಲಿಟ್ಟುಕೊಂಡು ನೋಡಿದಳು. ಬಾಣ ಆರಾಮವಾಗಿ ಓಡಾಡುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ಚಿಕಿತ್ಸೆ. ಮೌಸಿನ ಹೊಟ್ಟೆ ಒರೆಸಿದಳು. ಪ್ಯಾಡು ಬದಲಿಸಿದಳು. ಆಫ್ ಮಾಡಿ ಆನ್ ಮಾಡಿದಳು. ಆಯ್ತಾಯ್ತು ಓಡಿ ಬಂದು, ಡ್ರೈವರ್ ಅಂದ, ವೈರಸ್ ಅಂದ, ನಿಮ್ಮ ಬಿಲ್ಡಿಂಗಿನ ಅರ್ಥಿಂಗೇ ಸರಿಯಿಲ್ಲ ಅಂದ. ಹೊಸ ಮೌಸು ಹಾಕಿದ. ಜಪ್ಪಯ್ಯ ಅಂದರೂ ಬಾಣ ನಿಲ್ಲಲಿಲ್ಲ. ಕೊನೆಗೆ ತಲೆಕೆಟ್ಟು ಮೌಸಿನ ವೈರನ್ನೇ ಕಿತ್ತುಹಾಕಿದ.

ಬಾಣ ಆಗಲೂ ಓಡಾಡುತ್ತಿತ್ತು.

“ಮೇಡಂ, ಮೌಸೇ ಇಲ್ವಲ್ಲ!” ಅಂದ ಆಯ್ತಾಯ್ತು. ಅವನ ಬಾಯಿಂದ ಆಯ್ತಾಯ್ತು ಬರದೆ ಇದ್ದದ್ದು ಅದೇ ಮೊದಲು.

೩ (ಕೈಬಿಟ್ಟಿದ್ದು)

ಈ ಜಾಗದಲ್ಲಿ ನಾನು ತೀರಿಹೋದ ಅಮ್ಮನ ಆತ್ಮವನ್ನು ತಂದಿದ್ದೆ. ಬಾಣವನ್ನು ಆಡಿಸುತ್ತಿರುವವಳು ಅವಳೇ, ಮಕ್ಕಳನ್ನು ಒಂದು ಮಾಡಲು ಬಂದಿದ್ದಾಳೆ. ಅಕ್ಕ ಓದಿ, “ಬದುಕಿದ್ದಾಗ ಟಿವಿ ರಿಮೋಟ್ ಮುಟ್ಟೋಕೆ ಹೆದರ್ತಿದ್ಲು. ಸತ್ಮೇಲೆ ಕಂಪ್ಯೂಟರ್ ಕಲಿತಳಾ?” ಅಂದಳು. ನಾಲ್ಕು ಪುಟ ಹೋಯಿತು.

೪

ಆಯ್ತಾಯ್ತು ಕ್ಯಾಬಿನೆಟ್ಟಿನ ಹಿಂದೆ ತಲೆ ತೂರಿಸಿಕೊಂಡಿದ್ದಾಗ ಅಕ್ಕ ಸುಮ್ಮನೆ ಸ್ಕ್ರೀನ್ ನೋಡುತ್ತಾ ಕೂತಿದ್ದಳು. ಬಾಣ ಒಂದು ಸಣ್ಣ ಸುತ್ತು ಹಾಕಿತು. ಇನ್ನೊಂದು ಸುತ್ತು. ನಿಂತಿತು. ಆಮೇಲೆ ಸರ್ರನೆ ಮೂಲೆಗೆ ಹೋಯಿತು.

ಅಕ್ಕನಿಗೆ ಆ ಕೈಯ ಗುರುತು ಸಿಕ್ಕಿತು. ತಂಗಿ ಯೋಚನೆ ಮಾಡುವುದೇ ಹಾಗೆ. ಫೋಟೋದಲ್ಲಿ ಎಲ್ಲಿ ಕೈಯಿಡಬೇಕು ಎಂದು ತೋಚದಾಗ ಮೌಸನ್ನು ಸುತ್ತಿಸುತ್ತಾ ಕೂರುತ್ತಿದ್ದಳು, ತೋಚಿದ ಕೂಡಲೇ ಮೂಲೆಗೆ ಒಗೆಯುತ್ತಿದ್ದಳು. “ಸುತ್ತಿಸ್ಬೇಡ್ವೇ, ನೋಡೋಕಾಗಲ್ಲ” ಎಂದು ಅಕ್ಕ ಎಷ್ಟು ಸಲ ಗದರಿಲ್ಲ!

ಈಗ ಜಗಳದ ವಿಷಯ ಹೇಳಲೇಬೇಕು. (ಅಕ್ಕ ಮುಖ ಗಂಟು ಹಾಕಿಕೊಂಡಿದ್ದಾಳೆ. ನಾನು ನೋಡಲಿಲ್ಲ ಎನ್ನುವಂತೆ ಬರೆಯುತ್ತಿದ್ದೇನೆ.) ಅಮ್ಮ ಹೋದ ಮೇಲೆ ಅವಳದ್ದು ಉಳಿದದ್ದು ಒಂದೇ ಒಂದು ಸರಿಯಾದ ಫೋಟೋ. ತಂಗಿ ಅದನ್ನು ದೊಡ್ಡದು ಮಾಡಿದಳು. ಮಾಡುವಾಗ ಅಮ್ಮನ ಕೆನ್ನೆಯ ಮೇಲಿದ್ದ ಸುಟ್ಟ ಕಲೆಯನ್ನು ಅಳಿಸಿದಳು. ಚಿಕ್ಕವರಿದ್ದಾಗ ಇಬ್ಬರೂ ಅಮ್ಮನ ಎಡಬಲ ಮಲಗಿ, ನಿದ್ದೆ ಬರುವವರೆಗೆ ಬೆರಳಲ್ಲಿ ಸವರುತ್ತಿದ್ದ ಕಲೆ ಅದು. ಸರದಿಗಾಗಿ ಕಿತ್ತಾಡುತ್ತಿದ್ದರಂತೆ.

“ಅಮ್ಮನ್ನೇ ಒರೆಸಿ ಹಾಕಿದೀಯಲ್ಲೇ!” ಎಂದು ಅಕ್ಕ ಗಿರಾಕಿಗಳ ಮುಂದೆಯೇ ಕೂಗಾಡಿದಳು.

“ಕ್ಯಾಮೆರಾ ಕಂಡ್ರೆ ಸಾಕು, ಅಮ್ಮ ಕೆನ್ನೆಗೆ ಕೈ ಅಡ್ಡ ಇಟ್ಕೊಳ್ತಿದ್ಲು. ನಿಂಗೆ ನೆನಪಿಲ್ವಾ ಅಕ್ಕಾ? ಅವಳಿಗೆ ಅದು ಬೇಡವಾಗಿತ್ತು.”

“ಇನ್ಮೇಲೆ ಈ ಮೌಸ್ ಮುಟ್ಬೇಡ ನೀನು.”

“ಮುಟ್ಟಲ್ಲ. ನೀನೂ ಮುಟ್ಟೋದು ಬೇಡ.”

ಮೌಸನ್ನೆತ್ತಿ ಬ್ಯಾಗಿಗೆ ಹಾಕಿಕೊಂಡು ತಂಗಿ ಹೊರಟೇ ಹೋದಳು. ವೈರಿಲ್ಲದ ಮೌಸು, ಎತ್ತಿದ ತಕ್ಷಣ ಬಂತು. ವೈರಿದ್ದಿದ್ದರೆ ಬಗ್ಗಿ ಬಿಡಿಸಬೇಕಿತ್ತು. ಬಿಡಿಸುವಷ್ಟರಲ್ಲಿ ಒಬ್ಬರಿಗಾದರೂ ಸಿಟ್ಟಿಳಿಯುತ್ತಿತ್ತೋ ಏನೋ. ಒಂದು ವಾರಕ್ಕೆ ಬಡಗಿ ಬಂದು ಪ್ಲೈವುಡ್ ಹೊಡೆದ. ತಂಗಿ ಆ ಕಡೆ ಬೇರೆ ಕಂಪ್ಯೂಟರು, ಬೇರೆ ಮೌಸು ತಂದುಕೊಂಡಳು. ಅಕ್ಕ ಈ ಕಡೆ ವೈರಿನ ಮೌಸು ತಂದುಕೊಂಡಳು.

೫

“ಸಿಕ್ತು ಮೇಡಂ!” ಎಂದು ಆಯ್ತಾಯ್ತು ಮೈಯೆಲ್ಲ ಧೂಳು ಮಾಡಿಕೊಂಡು ಹೊರಬಂದ. ಅವನ ಬೆರಳ ತುದಿಯಲ್ಲಿ ಉಗುರಿನಷ್ಟು ದೊಡ್ಡ ಕಪ್ಪು ಚೂರು. ಆ ಕಡೆ ಪ್ರಿಂಟರ್ ಗರಗರ ಸದ್ದು ಮಾಡುತ್ತಿದ್ದರಿಂದ ಇವನ ಮಾತು ಅಲ್ಲಿಗೆ ಕೇಳಿಸುವಂತಿರಲಿಲ್ಲ. “ಕಾರ್ಡ್‌ಲೆಸ್ ಮೌಸಿನ ರಿಸೀವರ್ ಇದು. ಹಳೇ ಡಬ್ಬದ ಹಿಂದೆ ಇತ್ತು, ನಿಮ್ದೇ ಅಂತ ಇದಕ್ಕೂ ಚುಚ್ಚಿದ್ದೆ. ಅದರಲ್ಲಿ ಆ ಕಿಂಡಿ ಯಾವಾಗ್ಲೋ ಕೆಟ್ಟು ಸತ್ತಿತ್ತು ಅನ್ಸುತ್ತೆ, ಅದಕ್ಕೆ ಗೊತ್ತಾಗಿಲ್ಲ. ಇಲ್ಲಿ ಜೀವ ಬಂದಿದೆ. ಆ ಮೌಸು ಎಲ್ಲೋ ಇಲ್ಲೇ ಹತ್ರದಲ್ಲಿದೆ. ಯಾರೋ ಕೈಯಾಡಿಸ್ತಿದಾರೆ. ಬಿಸಾಕ್ಲಾ?”

“ಬೇಡ.”

“ಇದಿದ್ರೆ ಬಾಣ ನಿಲ್ಲಲ್ಲ ಮೇಡಂ.”

“ಎಲ್ಲಿತ್ತೋ ಅಲ್ಲೇ ಹಾಕು.”

“ಆಯ್ತಾಯ್ತು.” ಹಾಕಿದ. ಬ್ಯಾಗು ಹೆಗಲಿಗೇರಿಸಿಕೊಂಡು ಬಾಗಿಲ ತನಕ ಹೋಗಿ, ಏನೋ ಲೆಕ್ಕ ತಪ್ಪಿದವನ ಹಾಗೆ ನಿಂತ. “ಒಂದು ಅರ್ಥ ಆಗ್ಲಿಲ್ಲ. ರಿಸೀವರ್ ಇಲ್ಲಿರೋವಾಗ ಆ ಮೌಸು ಯಾವ ಕಂಪ್ಯೂಟರಿಗೂ ಬರಲ್ಲ. ಸುಮ್ನೆ ಕಲ್ಲು ಅದು. ಆದ್ರೆ ಅದಕ್ಕೆ ಸೆಲ್ ಬೇಕು, ಒಂದು ವರ್ಷ ಬಂದ್ರೆ ಹೆಚ್ಚು. ಕಲ್ಲಿಗೆ ಯಾರು ಮೇಡಂ ಸೆಲ್ ಹಾಕ್ತಾರೆ?”

ಅವನು ಹೋದ. ಅಕ್ಕ ಬಾಡಿಗೆ ಕರಾರಿನ ಮುಂದೆ ಕೂತು, ಪ್ಲೈವುಡ್ಡಿನ ಕಡೆ ನೋಡುತ್ತಾ ತುಂಬಾ ಹೊತ್ತು ಅತ್ತಳು. ಸದ್ದಿಲ್ಲದೆ ಅತ್ತಳು, ಮೇಲೆ ಒಂದು ಮೊಳ ಖಾಲಿಯಿದೆಯಲ್ಲ. ತಂಗಿ ಬೇಕು ಅನ್ನಿಸಿತು ಅವಳಿಗೆ. ಅಷ್ಟೇ. ಇದನ್ನು ಇನ್ನೂ ಚೆನ್ನಾಗಿ ಬರೆಯಲು ನನಗೆ ಬರುತ್ತಿಲ್ಲ.

೬

ಕಥೆ ಬರೆಯುವವನಿಗೆ ಎರಡೂ ಬಾಗಿಲಿಗೆ ಪ್ರವೇಶವಿದೆ. ಆ ಕಡೆ ಹೋದೆ. ತಂಗಿಯ ಬಲಗೈ ಬಳಿ ಹೊಸ ಮೌಸು. ಎಡಗೈ ಬಳಿ ಹಳೇ ಮೌಸು, ಬೆನ್ನಿನ ಬಣ್ಣ ಸವೆದಿದೆ. ಬಲಗೈ ಕೆಲಸ ಮಾಡುವಾಗ ಎಡಗೈ ಅದರ ಮೇಲೆ ಸುಮ್ಮನೆ ಕೂತು ಸುತ್ತುತ್ತಿತ್ತು.

“ಸೆಲ್ ಯಾಕೆ ಹಾಕ್ತೀಯಮ್ಮಾ?” ಅಂದೆ.

“ಕೆಳಗಡೆ ಕೆಂಪು ದೀಪ ಇದೆಯಲ್ಲ, ಆರಿಹೋದ್ರೆ ಒಂಥರಾ ಆಗುತ್ತೆ,” ಅಂದಳು. “ನಿಮಗೇನು ಕಷ್ಟ?”

ನಿನ್ನ ಕೈ ಗೋಡೆಯಾಚೆ ಕಾಣಿಸುತ್ತಿದೆ ಎಂದು ಹೇಳಲು ಬಾಯಿ ತೆರೆದೆ. ಈ ಕಡೆಯಿಂದ ಅಕ್ಕ ಕೆಮ್ಮಿದಳು. ಹೇಳಿಬಿಟ್ಟರೆ ತಂಗಿ ನಾಚಿಕೊಂಡೋ ಸಿಟ್ಟು ಮಾಡಿಕೊಂಡೋ ಕೈ ತೆಗೆದುಬಿಡುತ್ತಾಳೆ, ಬಾಣ ನಿಂತುಬಿಡುತ್ತದೆ ಎಂಬ ಹೆದರಿಕೆ ಅಕ್ಕನಿಗೆ. ಬಾಯಿ ಮುಚ್ಚಿಕೊಂಡು ಬಂದೆ.

ಅಂದಿನಿಂದ ಅಕ್ಕ ಕೆಲಸವನ್ನೆಲ್ಲ ಬೆಳಗ್ಗೆಯೇ ಮುಗಿಸಿಕೊಳ್ಳತೊಡಗಿದಳು. ಫೋಟೋದವರು ಬರುವುದು ಮಧ್ಯಾಹ್ನ. ಆಗ ತನ್ನ ಮೌಸಿನಿಂದ ಕೈ ತೆಗೆದು, ಖಾಲಿ ಪುಟ ತೆರೆದಿಟ್ಟುಕೊಂಡು ಕೂರುತ್ತಾಳೆ. ಬಾಣ ಬರುತ್ತದೆ. ಸುತ್ತುತ್ತದೆ. “ಇವತ್ತು ಯಾರದೋ ಕಷ್ಟದ ಫೋಟೋ ಬಂದಿದೆ,” ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಾಳೆ. ಮೂಲೆಗೆ ಓಡಿದರೆ, “ಹಾಂ, ಹೊಳೀತು ನೋಡು ಅವಳಿಗೆ,” ಅನ್ನುತ್ತಾಳೆ.

(ತಂಗಿಗೆ ತನ್ನ ಕೈ ಯಾವ ಸ್ಕ್ರೀನಿನಲ್ಲಿ ಓಡುತ್ತಿದೆ ಎಂದು ಗೊತ್ತಿಲ್ಲ. ನನಗೂ ನೀವು ಗೊತ್ತಿಲ್ಲ, ಓದುಗರೇ. ಆದರೂ ಸೆಲ್ ಹಾಕುತ್ತಲೇ ಇದ್ದೇನೆ.)

೭

ಈಗ ಮುಗಿಸಬೇಕು. ನನ್ನ ಹತ್ತಿರ ಇದ್ದ ಮುಕ್ತಾಯಗಳು:

ಒಂದು. ಅಕ್ಕ ಈ ಬಾಗಿಲಿಂದ ಎದ್ದು ಆ ಬಾಗಿಲಿಗೆ ಹೋಗಿ ತಂಗಿಯನ್ನು ಅಪ್ಪಿಕೊಳ್ಳುತ್ತಾಳೆ. ಅಕ್ಕ: “ನಾನ್ಯಾಕೆ ಹೋಗ್ಲಿ? ಎದ್ದು ಹೋಗಿದ್ದು ಅವಳು.”

ಎರಡು. ತಂಗಿ ಅಮ್ಮನ ಫೋಟೋ ತೆರೆದು, ಅಳಿಸಿದ ಕಲೆಯನ್ನು ಮತ್ತೆ ಬಿಡಿಸುತ್ತಾಳೆ. ತಂಗಿ: “ನಾನೇನು ತಪ್ಪು ಮಾಡಿಲ್ಲ. ಬೇಕಾದ್ರೆ ನೀವೇ ಬಿಡಿಸ್ಕೊಳ್ಳಿ.” (ಇದನ್ನು ಬರೆದು ಐದು ನಿಮಿಷ ಖುಷಿಯಾಗಿದ್ದೆ. ನಾಚಿಕೆಯಾಗುತ್ತದೆ.)

ಮೂರು. ಅಕ್ಕ ಗಟ್ಟಿ ಮನಸ್ಸು ಮಾಡಿ ರಿಸೀವರ್ ಕಿತ್ತು ಡ್ರಾಯರಿಗೆ ಹಾಕುತ್ತಾಳೆ. ಇದನ್ನು ನಿಜವಾಗಿಯೂ ಮಾಡಿಸಿ ನೋಡಿದೆ. ಕಿತ್ತಳು. ಅಂಗೈಯಲ್ಲಿಟ್ಟು ನೋಡಿದಳು. ನನ್ನ ಮುಖ ನೋಡಿ, “ನಿಂಗೆ ಕರುಳೇ ಇಲ್ವಾ?” ಎಂದು ಬೈದು ಮತ್ತೆ ಚುಚ್ಚಿದಳು.

೭ (ನನ್ನನ್ನು ಕೇಳದೆ ನಡೆದದ್ದು)

ಒಂದು ದಿನ ಬಾಣ ಕುಂಟತೊಡಗಿತು. ಸುತ್ತು ಹಾಕಲು ಹೋಗಿ ಅರ್ಧಕ್ಕೇ ನಿಲ್ಲುವುದು, ಜಿಗಿಯುವುದು, ಮತ್ತೆ ನಿಲ್ಲುವುದು. ಮಾರನೇ ದಿನ ಬರಲೇ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಆ ಕಡೆಯ ಪ್ರಿಂಟರ್ ಸದ್ದು ಕೇಳುತ್ತಿತ್ತು, ಅಂದರೆ ತಂಗಿ ಇದ್ದಾಳೆ. ಸೆಲ್ ಮುಗಿದಿದೆ. ಹಾಕಲು ಮರೆತಳೋ, ಇನ್ನು ಸಾಕು ಅನ್ನಿಸಿತೋ.

ಅಕ್ಕ ಎದುರಿನ ಅಂಗಡಿಗೆ ಹೋಗಿ ಒಂದು ಸೆಲ್ ತಂದಳು. ದಪ್ಪದ್ದೋ ಸಣ್ಣದೋ ಎಂದು ಅಂಗಡಿಯವನು ಕೇಳಬೇಕಾಗಲಿಲ್ಲ. ಆ ಮೌಸಿಗೆ ಮೊದಲ ಸೆಲ್ ಹಾಕಿದ್ದು ಇವಳೇ. ಪ್ಲೈವುಡ್ಡಿನ ಹತ್ತಿರ ಸ್ಟೂಲ್ ಎಳೆದುಕೊಂಡಳು.

“ನೋಡು, ಕೊಟ್ರೆ ಅವಳಿಗೆ ಎಲ್ಲಾ ಗೊತ್ತಾಗುತ್ತೆ,” ಅಂದೆ. “ಇಷ್ಟು ದಿನ ನೀನು ನೋಡ್ತಿದ್ದದ್ದು ಕೂಡ. ಮೌಸು ಎತ್ತಿ ಬಿಸಾಕಿದ್ರೆ?”

“ಬಿಸಾಕ್ಲಿ. ಸ್ಟೂಲ್ ಹಿಡ್ಕೋ, ಒಂದು ಕಾಲು ಗಿಡ್ಡ.”

ಹಿಡಿದುಕೊಂಡೆ. ಅಕ್ಕ ಹತ್ತಿ, ಮೇಲಿನ ಖಾಲಿ ಜಾಗದಲ್ಲಿ ಕೈ ಆಚೆಗೆ ಚಾಚಿದಳು. ಅಂಗೈಯಲ್ಲಿ ಸೆಲ್. ಕರೆಯಲಿಲ್ಲ. ಕರೆದರೆ ಸೋತಂತೆ ಅಂತಲ್ಲ, ಬಾಯಿ ತೆರೆದರೆ ಅಳು ಬರುತ್ತಿತ್ತು.

ಆ ಕಡೆ ಪ್ರಿಂಟರ್ ನಿಂತಿತು. ಕುರ್ಚಿ ಸರಿದ ಸದ್ದು. ಆಮೇಲೆ ಏನೂ ಇಲ್ಲ.

ತಂಗಿ ಸೆಲ್ ತೆಗೆದುಕೊಂಡಳೇ? ಆ ಕೈಯನ್ನು ನೋಡುತ್ತಾ ನಿಂತಿದ್ದಾಳೆಯೇ? ಬಾಗಿಲು ಹಾಕಿಕೊಂಡು ಹೋದಳೇ? ಹೋಗಿ ನೋಡಿ ಬಂದು ಹೇಳು ಅನ್ನುತ್ತೀರಿ, ಗೊತ್ತು. ಹೇಗೆ ಹೋಗಲಿ ಸ್ವಾಮಿ? ಸ್ಟೂಲ್ ಬಿಟ್ಟರೆ ಇವಳು ಬೀಳುತ್ತಾಳೆ.

“ಏನಾದ್ರೂ ಬರಿಯಪ್ಪಾ,” ಅಂದಳು ಅಕ್ಕ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. “ಕೈ ನೋಯ್ತಿದೆ.”

“ನಾನು ಬರೆದ್ರೆ ಅದು ನಾನು ಕೊಟ್ಟಿದ್ದಾಗುತ್ತೆ. ನಿನ್ನ ತಂಗಿ ಕೊಟ್ಟಿದ್ದಾಗಲ್ಲ.”

ಅಕ್ಕ ಸ್ಟೂಲಿನ ಮೇಲೆ ಕಾಲು ಬದಲಿಸಿದಳು.

“ಇಳಿತೀಯಾ?” ಅಂದೆ.

“ಬೇಡ,” ಅಂದಳು. “ಇನ್ನೊಂಚೂರು ಹಿಡ್ಕೊಂಡಿರ್ತೀನಿ. ನೀನು ಸ್ಟೂಲ್ ಬಿಡ್ಬೇಡ.”